ಪೊಲೀಸರ ಮೇಲೆ ಕೇಸು ಹಾಕುವ ವಕೀಲರೂ, ಅವರನ್ನು ಮನೆಗೆ ಕಳಿಸುವ ಮತವೂ

2024ರ ನವೆಂಬರ್ 5ರಂದು ಅಮೆರಿಕದ ಅಧ್ಯಕ್ಷರು ಯಾರಾಗಬೇಕು ಎಂದು ಕೇಳಿದ ಅದೇ ಮತಪತ್ರದಲ್ಲಿ ಕ್ಯಾಲಿಫೋರ್ನಿಯಾದ ಅಲಮೀಡ ಕೌಂಟಿಯವರಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಇನ್ನೊಂದು ಪ್ರಶ್ನೆಯೂ ಇತ್ತು: ಪಮೇಲಾ ಪ್ರೈಸ್ ಅವರನ್ನು ಡಿಸ್ಟ್ರಿಕ್ಟ್ ಅಟಾರ್ನಿ ಹುದ್ದೆಯಿಂದ ಇಳಿಸಬೇಕೇ, ಬೇಡವೇ? ಓಕ್ಲಂಡ್, ಬರ್ಕ್ಲಿ ಈ ಕೌಂಟಿಗೆ ಸೇರಿದ ಊರುಗಳು. ಕನ್ನಡಿಗರು ಮನೆಮಠ ಮಾಡಿಕೊಂಡಿರುವ ಫ್ರೀಮಾಂಟ್, ಡಬ್ಲಿನ್, ಪ್ಲೆಸೆಂಟನ್ ಕೂಡ ಇದರೊಳಗೇ ಬರುತ್ತವೆ. ಅಲ್ಲಿನ ಪೌರತ್ವ ಪಡೆದ ನಮ್ಮವರ ಮನೆಗೂ ಈ ಮತಪತ್ರ ಹೋಗಿತ್ತು. ಸುಮಾರು ಶೇ 63ರಷ್ಟು ಮತ ‘ಇಳಿಸಿ’ ಎಂಬುದಕ್ಕೆ ಬಿತ್ತು. ಎರಡೇ ವರ್ಷದ ಹಿಂದೆ, 2022ರಲ್ಲಿ, ಇದೇ ಕೌಂಟಿ ಇದೇ ಪ್ರೈಸ್ ಅವರನ್ನು ಆರಿಸಿ ಕಳಿಸಿತ್ತು.

ಪ್ರೈಸ್ ಬಹುಕಾಲ ನಾಗರಿಕ ಹಕ್ಕುಗಳ ವಕೀಲೆಯಾಗಿದ್ದವರು. ಆ ಹುದ್ದೆಗೆ ಬಂದ ಮೊದಲ ಕಪ್ಪು ಮಹಿಳೆ. ತಪ್ಪು ಮಾಡಿದ ಪೊಲೀಸರನ್ನು ಬಿಡುವುದಿಲ್ಲ ಎಂದು ಹೇಳಿಯೇ ಗೆದ್ದಿದ್ದರು. ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಮಾತು ಹೇಳಿ ಗೆದ್ದಿದ್ದ ಚೇಸಾ ಬೂಡೀನ್ ಅವರನ್ನೂ ಅಲ್ಲಿನ ಮತದಾರರು 2022ರ ಜೂನ್ 7ರಂದು ಇಳಿಸಿದ್ದರು. ಹಾಗಾದರೆ ಪೊಲೀಸರನ್ನು ಕಟಕಟೆಗೆ ಎಳೆದದ್ದಕ್ಕೇ ಇವರಿಬ್ಬರೂ ಕುರ್ಚಿ ಕಳೆದುಕೊಂಡರೇ? ಹೌದು ಎನ್ನುವವರೂ ಇದ್ದಾರೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವವರೂ ಇದ್ದಾರೆ. ನನಗೆ ಎರಡೂ ಅರ್ಧ ಸತ್ಯ ಅನ್ನಿಸುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಈ ಡಿಸ್ಟ್ರಿಕ್ಟ್ ಅಟಾರ್ನಿ, ಚಿಕ್ಕದಾಗಿ ಡಿ.ಎ., ಎಂಬ ಹುದ್ದೆ ಎಂಥದ್ದು ಎಂಬಲ್ಲಿಂದ ಶುರುಮಾಡಬೇಕು.

ನಮ್ಮಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಎಂದರೆ ಸರ್ಕಾರ ನೇಮಿಸುವ ವಕೀಲ. ತನಿಖೆ ಮಾಡಿ ಚಾರ್ಜ್‌ಶೀಟ್ ಹಾಕುವವರು ಪೊಲೀಸರು. ಕೋರ್ಟಿನಲ್ಲಿ ಅದನ್ನು ಹಿಡಿದು ವಾದಿಸುವುದು ಪಿ.ಪಿ. ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಪೊಲೀಸರು ಹಿಡಿದು ತರುತ್ತಾರೆ ಅಷ್ಟೆ. ಕೇಸು ಹಾಕಬೇಕೋ ಬೇಡವೋ, ಹಾಕಿದರೆ ಕೊಲೆಯ ಆರೋಪವೋ ಅದಕ್ಕಿಂತ ಕೆಳಗಿನದೋ, ಇದೆಲ್ಲ ತೀರ್ಮಾನವಾಗುವುದು ಡಿ.ಎ. ಕಚೇರಿಯಲ್ಲಿ. ರಾಜ್ಯದ 58 ಕೌಂಟಿಗಳಿಗೂ ಒಬ್ಬೊಬ್ಬ ಡಿ.ಎ., ಎಲ್ಲರೂ ಜನರಿಂದ ನೇರ ಆಯ್ಕೆಯಾದವರು. ಇವರು ‘ಈ ಕೇಸು ಬೇಡ’ ಎಂದರೆ ನ್ಯಾಯಾಧೀಶರು ‘ಹಾಕಲೇಬೇಕು’ ಎಂದು ಹೇಳುವಂತಿಲ್ಲ. ನಮ್ಮಲ್ಲಿ ಪೊಲೀಸರು ದೂರು ತೆಗೆದುಕೊಳ್ಳದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಹಾಕುವ ದಾರಿ ಇದೆ. ಅಲ್ಲಿ ಸತ್ತವನ ತಾಯಿಗೆ ಆ ದಾರಿಯೂ ಇಲ್ಲ. ನಷ್ಟ ಪರಿಹಾರಕ್ಕೆ ಸಿವಿಲ್ ದಾವೆ ಹೂಡಬಹುದು, ಕ್ರಿಮಿನಲ್ ಕೇಸು ಹೂಡಲಾಗದು. ರಾಜ್ಯದ ಅಟಾರ್ನಿ ಜನರಲ್‌ಗೆ ಮಧ್ಯೆ ಬರುವ ಅಧಿಕಾರವಿದೆ, ಬರುವುದು ಅಪರೂಪ.

ಆರೋಪಿ ಪೊಲೀಸನೇ ಆಗಿದ್ದರೆ ತೊಡಕು ಇನ್ನೂ ಹೆಚ್ಚು. ಡಿ.ಎ. ಕಚೇರಿಯ ನೂರಾರು ಕೇಸುಗಳು ನಿಲ್ಲುವುದು ಪೊಲೀಸರ ಸಾಕ್ಷ್ಯದ ಮೇಲೆ. ಬೆಳಗಾದರೆ ಮುಖ ನೋಡಬೇಕಾದವರ ಮೇಲೆ ಕೇಸು ಹಾಕುವುದು ಯಾರಿಗೂ ಸುಲಭವಲ್ಲ. ಮೇಲಾಗಿ ಡಿ.ಎ. ಚುನಾವಣೆಗೆ ನಿಲ್ಲುವವರು, ಪೊಲೀಸ್ ಯೂನಿಯನ್‌ಗಳು ಬೆಂಬಲ ಕೊಡುತ್ತವೆ, ಹಣ ಸುರಿಯುತ್ತವೆ. 2019ರಲ್ಲಿ ಬೂಡೀನ್ ಸ್ಪರ್ಧಿಸಿದಾಗ ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸ್ ಯೂನಿಯನ್ ಅವರ ವಿರುದ್ಧ ಆರು ಲಕ್ಷ ಡಾಲರ್‌ಗೂ ಹೆಚ್ಚು ಖರ್ಚು ಮಾಡಿತ್ತು. ಕಾನೂನಿನ ಅಳತೆಗೋಲೂ ಪೊಲೀಸರ ಕಡೆಗೇ ವಾಲಿದೆ. ಬಲಪ್ರಯೋಗ ಸರಿಯೋ ತಪ್ಪೋ ಎಂದು ನೋಡುವಾಗ ಆ ಕ್ಷಣದಲ್ಲಿ, ಆ ಜಾಗದಲ್ಲಿ ನಿಂತ ವಿವೇಕವುಳ್ಳ ಅಧಿಕಾರಿಯ ಕಣ್ಣಿನಿಂದ ನೋಡಬೇಕು, ಆಮೇಲೆ ತಿಳಿದುಬಂದದ್ದನ್ನು ಇಟ್ಟುಕೊಂಡಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿಬಿಟ್ಟಿದೆ. ಕ್ಯಾಲಿಫೋರ್ನಿಯಾ 2020ರಿಂದ ಕಾನೂನನ್ನು ಸ್ವಲ್ಪ ಬಿಗಿ ಮಾಡಿದೆ. ಪ್ರಾಣ ತೆಗೆಯುವ ಬಲ ಪ್ರಾಣ ಉಳಿಸಲು ‘ಅಗತ್ಯ’ವಾಗಿದ್ದರೆ ಮಾತ್ರ ಸರಿ ಎನ್ನುತ್ತದೆ ಹೊಸ ನಿಯಮ. ಆದರೂ ತೀರ್ಪು ಹೇಳಲು ಜ್ಯೂರಿಯಲ್ಲಿ ಕೂತ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರನ್ನು ಒಪ್ಪಿಸುವುದು ಸಣ್ಣ ಕೆಲಸವಲ್ಲ.

2009ರ ಹೊಸ ವರ್ಷದ ಬೆಳಗಿನ ಜಾವ ಓಕ್ಲಂಡ್‌ನ ಫ್ರೂಟ್‌ವೇಲ್ ರೈಲು ನಿಲ್ದಾಣದಲ್ಲಿ ಆಸ್ಕರ್ ಗ್ರಾಂಟ್ ಎಂಬ 22ರ ಯುವಕನನ್ನು ಪ್ಲಾಟ್‌ಫಾರಂ ಮೇಲೆ ಬೋರಲು ಮಲಗಿಸಿ, ರೈಲ್ವೆ ಪೊಲೀಸನೊಬ್ಬ ಬೆನ್ನಿಗೆ ಗುಂಡು ಹೊಡೆದ. ಪ್ರಯಾಣಿಕರು ಮೊಬೈಲ್‌ನಲ್ಲಿ ಅದನ್ನು ಚಿತ್ರೀಕರಿಸಿದ್ದರು. ಅಂದಿನ ಡಿ.ಎ. ಕೊಲೆ ಆರೋಪವನ್ನೇ ಹೊರಿಸಿದರು. ಟೇಸರ್ (ವಿದ್ಯುತ್ ಆಘಾತ ಕೊಡುವ ಸಾಧನ) ಎಂದುಕೊಂಡು ಪಿಸ್ತೂಲು ತೆಗೆದೆ ಎಂಬ ವಾದ ನಡೆದು, ಜ್ಯೂರಿ ಕೊಲೆಯಲ್ಲ, ಅದಕ್ಕಿಂತ ಹಗುರವಾದ ಅಪರಾಧ ಎಂದಿತು. ಎರಡು ವರ್ಷದ ಶಿಕ್ಷೆ, ಅದೂ ಪೂರ್ತಿಯಾಗಲಿಲ್ಲ. ವಿಡಿಯೊ ಇದ್ದು, ಡಿ.ಎ. ಮನಸ್ಸು ಮಾಡಿಯೂ ಸಿಕ್ಕಿದ್ದು ಇಷ್ಟೇ. ಓಕ್ಲಂಡ್‌ನ ಜನ ಇದನ್ನು ಮರೆತಿಲ್ಲ. ಪ್ರೈಸ್ ಅವರಿಗೆ ಬಿದ್ದ ಮತಗಳಲ್ಲಿ ಈ ನೆನಪಿನ ಪಾಲೂ ಇದ್ದೀತು.

ಇನ್ನು ರೀಕಾಲ್. ಆರಿಸಿದವರನ್ನು ಅವಧಿ ಮುಗಿಯುವ ಮೊದಲೇ ವಾಪಸ್ ಕರೆಸಿಕೊಳ್ಳುವ ಹಕ್ಕನ್ನು ಕ್ಯಾಲಿಫೋರ್ನಿಯಾ 1911ರಲ್ಲಿ ಸಂವಿಧಾನಕ್ಕೆ ಸೇರಿಸಿಕೊಂಡಿತು. ರೈಲ್ವೆ ಕಂಪನಿಗಳ ಕಿಸೆಯೊಳಗಿದ್ದ ರಾಜಕಾರಣಿಗಳಿಗೆ ಮೂಗುದಾರ ಹಾಕಬೇಕೆಂಬುದು ಆಗಿನ ಗವರ್ನರ್ ಹೈರಮ್ ಜಾನ್ಸನ್ ಅವರ ಹಂಬಲ. ಕ್ರಮ ಸರಳ: ನೋಟಿಸ್ ಕೊಡು, ನಿಗದಿತ ದಿನಗಳಲ್ಲಿ ನಿಗದಿತ ಸಂಖ್ಯೆಯ ಸಹಿ ತಾ, ಚುನಾವಣಾಧಿಕಾರಿ ಪರಿಶೀಲಿಸಿದ ಮೇಲೆ ಮತಕ್ಕೆ ಹಾಕು. ಕಾರಣ ಕೊಡಬೇಕು, 200 ಪದಗಳೊಳಗೆ. ಆದರೆ ಆ ಕಾರಣ ಸಾಕೋ ಸಾಲದೋ ಎಂದು ಯಾವ ಕೋರ್ಟೂ ಪರಿಶೀಲಿಸುವಂತಿಲ್ಲ ಎಂದು ಸಂವಿಧಾನವೇ ಹೇಳುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಾದರೆ ಆರೋಪದಲ್ಲಿ ಹುರುಳಿದೆಯೇ ಎಂದು ನ್ಯಾಯಾಧೀಶರು ಮೊದಲು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಭ್ರಷ್ಟಾಚಾರ ಮಾಡಿದ್ದಕ್ಕೂ ಇಳಿಸಬಹುದು, ನೀತಿ ಹಿಡಿಸದಿದ್ದಕ್ಕೂ ಇಳಿಸಬಹುದು, ಏನೂ ಮಾಡದೆ ಸಿಟ್ಟು ಬರಿಸಿದ್ದಕ್ಕೂ ಇಳಿಸಬಹುದು. ಮತಪತ್ರದಲ್ಲಿ ಇರುವುದು ಹೌದು, ಇಲ್ಲ ಎರಡೇ ಖಾನೆ. ಯಾಕೆ ಎಂದು ಬರೆಯಲು ಜಾಗವಿಲ್ಲ. ಹಾಗಾಗಿ ಫಲಿತಾಂಶ ಬಂದ ಮೇಲೆ ‘ಜನ ಇದಕ್ಕಾಗಿಯೇ ಇಳಿಸಿದರು’ ಎಂದು ಯಾರು ಏನು ಬೇಕಾದರೂ ಹೇಳಬಹುದು, ಹೇಳಿದ್ದಾರೆ ಕೂಡ.

ಬೂಡೀನ್ ಅವರ ಹಿನ್ನೆಲೆ ಯಾರಿಗಾದರೂ ಕುತೂಹಲ ಹುಟ್ಟಿಸುವಂಥದ್ದು. ತಂದೆ ತಾಯಿ ಇಬ್ಬರೂ ತೀವ್ರವಾದಿ ಎಡಪಂಥೀಯರು. 1981ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ನಡೆದ ಹಣದ ಟ್ರಕ್ ದರೋಡೆಯಲ್ಲಿ ಇಬ್ಬರು ಪೊಲೀಸರೂ ಒಬ್ಬ ಕಾವಲುಗಾರನೂ ಸತ್ತರು. ಅದರಲ್ಲಿ ಭಾಗಿಯಾಗಿದ್ದಕ್ಕೆ ಇಬ್ಬರೂ ಜೈಲು ಸೇರಿದರು. ಆಗ ಮಗುವಿಗೆ 14 ತಿಂಗಳು. ಜೈಲಿನ ಭೇಟಿ ಕೋಣೆಯಲ್ಲಿ ಹೆತ್ತವರನ್ನು ಕಂಡು ಬೆಳೆದ ಈ ಹುಡುಗ ಮುಂದೆ ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲನಾದ. 2019ರ ನವೆಂಬರ್‌ನಲ್ಲಿ ಕೂದಲೆಳೆಯ ಅಂತರದಲ್ಲಿ ಗೆದ್ದು ಡಿ.ಎ. ಆದ. ಪೊಲೀಸ್ ಯೂನಿಯನ್‌ಗೆ ಅವರ ಹೆಸರು ಕೇಳಿದರೇ ಆಗುತ್ತಿರಲಿಲ್ಲ.

ಅವರು ಹಾಕಿದ ಒಂದು ಕೇಸನ್ನು ಹತ್ತಿರದಿಂದ ನೋಡೋಣ. 2017ರ ಡಿಸೆಂಬರ್ 1. ಕದ್ದ ವ್ಯಾನೊಂದನ್ನು ಪೊಲೀಸರು ಬೆನ್ನಟ್ಟಿದ್ದಾರೆ. ಬೇವ್ಯೂ ಬಡಾವಣೆಯಲ್ಲಿ ವ್ಯಾನಿನಿಂದ ಇಳಿದ 42ರ ಕಪ್ಪು ವ್ಯಕ್ತಿ ಓಡುತ್ತ ಪೊಲೀಸ್ ಕಾರನ್ನು ಹಾದು ಹೋಗುತ್ತಾನೆ. ಕೈಯಲ್ಲಿ ಆಯುಧವಿಲ್ಲ. ಕಾರಿನಲ್ಲಿ ಕೂತ ಹೊಸ ಅಧಿಕಾರಿ ಗಾಜಿನ ಮೂಲಕವೇ ಗುಂಡು ಹಾರಿಸುತ್ತಾನೆ, ಆತ ಸಾಯುತ್ತಾನೆ. ಗುಂಡು ಹೊಡೆದವನಿಗೆ ಅದು ಗಸ್ತಿನ ನಾಲ್ಕನೇ ದಿನ. ಬಾಡಿ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಯಿತು. ಇಲಾಖೆಯೇ ಮುಂದಿನ ವರ್ಷ ಅವನನ್ನು ಕೆಲಸದಿಂದ ತೆಗೆಯಿತು. ಕ್ರಿಮಿನಲ್ ಕೇಸು ಮಾತ್ರ ಬೀಳಲಿಲ್ಲ. ಮೂರು ವರ್ಷದ ಮೇಲೆ, 2020ರ ನವೆಂಬರ್‌ನಲ್ಲಿ ಬೂಡೀನ್ ಆ ಕಡತ ತೆಗೆದು ನರಹತ್ಯೆಯ ಆರೋಪ ಹೊರಿಸಿದರು. ಕರ್ತವ್ಯದ ಮೇಲಿದ್ದಾಗ ಮಾಡಿದ ಹತ್ಯೆಗೆ ಆ ನಗರದ ಪೊಲೀಸನೊಬ್ಬನ ಮೇಲೆ ಬಿದ್ದ ಮೊದಲ ಕೇಸು ಅದು ಎಂದು ಅವರ ಕಚೇರಿ ಹೇಳಿಕೊಂಡಿತು.

ಅದಾಗಿ ಒಂದೇ ತಿಂಗಳಿಗೆ, ಡಿಸೆಂಬರ್ 31ರಂದು, ಕದ್ದ ಕಾರು ಓಡಿಸುತ್ತಿದ್ದ ಪೆರೋಲ್ ಮೇಲಿನ ಕೈದಿಯೊಬ್ಬ ರಸ್ತೆ ದಾಟುತ್ತಿದ್ದ ಇಬ್ಬರು ಮಹಿಳೆಯರಿಗೆ ಡಿಕ್ಕಿ ಹೊಡೆದು ಕೊಂದ. ಆ ವರ್ಷದಲ್ಲಿ ಅವನನ್ನು ಪೊಲೀಸರು ಹಲವು ಸಲ ಹಿಡಿದಿದ್ದರು, ಡಿ.ಎ. ಕಚೇರಿ ಹೊಸ ಕೇಸು ಹಾಕದೆ ಪೆರೋಲ್ ಇಲಾಖೆಗೆ ಬಿಟ್ಟಿತ್ತು. ನಗರ ಕುದಿಯಿತು. ಏಷ್ಯಾ ಮೂಲದ ವಯಸ್ಸಾದವರ ಮೇಲಿನ ದಾಳಿಗಳೂ, ಅಂಗಡಿ ಕಳ್ಳತನದ ವಿಡಿಯೊಗಳೂ ಸೇರಿಕೊಂಡವು. ಮೊದಲ ರೀಕಾಲ್ ಯತ್ನ ಸಹಿ ಸಾಲದೆ ಬಿದ್ದುಹೋಯಿತು. ಎರಡನೆಯದಕ್ಕೆ ಬೇಕಿದ್ದದ್ದು 51,325 ಸಹಿ, ತಂದದ್ದು 83 ಸಾವಿರಕ್ಕೂ ಹೆಚ್ಚು. ಶ್ರೀಮಂತ ಹೂಡಿಕೆದಾರರ ಹಣ ಧಾರಾಳವಾಗಿ ಹರಿಯಿತು. ಇಳಿಸುವ ಪಾಳಯ ಕೂಡಿಸಿದ ಮೊತ್ತ 70 ಲಕ್ಷ ಡಾಲರ್ ದಾಟಿತು. ಆದರೆ ಬರೀ ಹಣದ ಮಾತು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಡೆಮಾಕ್ರಟಿಕ್ ಪಕ್ಷದ ಕೋಟೆಯಂಥ ಊರಿನಲ್ಲಿ ಶೇ 55ರಷ್ಟು ಮತ ಹಣದಿಂದಲೇ ಬರುವುದಿಲ್ಲ. ಕಾರಿನ ಗಾಜು ಒಡೆಸಿಕೊಂಡವರು, ಅಂಗಡಿ ಮುಚ್ಚಿದವರು, ಡಿ.ಎ. ತಮ್ಮ ಮಾತು ಕೇಳುತ್ತಿಲ್ಲ ಎಂದು ನೊಂದ ಸಂತ್ರಸ್ತರು ನಿಜವಾಗಿಯೂ ಇದ್ದರು.

ಈ ಗಲಾಟೆಯ ನಡುವೆಯೇ ಪೊಲೀಸರಿಗೂ ಡಿ.ಎ. ಕಚೇರಿಗೂ ನೇರ ಕಾಳಗ ನಡೆಯಿತು. ಲಾಠಿಯಿಂದ ಒಬ್ಬನನ್ನು ಹೊಡೆದ ಅಧಿಕಾರಿಯ ಮೇಲಿನ ಕೇಸು 2022ರ ಆರಂಭದಲ್ಲಿ ವಿಚಾರಣೆಗೆ ಬಂತು. ಡಿ.ಎ. ಕಡೆಯ ತನಿಖಾಧಿಕಾರಿಯೇ, ಪೊಲೀಸರಿಗೆ ಕೊಡಬೇಕಿದ್ದ ಮಾಹಿತಿಯನ್ನು ಕೊಡದಿರುವಂತೆ ತನ್ನ ಮೇಲೆ ಒತ್ತಡವಿತ್ತು ಎಂದು ಕೋರ್ಟಿನಲ್ಲಿ ನುಡಿದರು. ಪೊಲೀಸ್ ಮುಖ್ಯಸ್ಥ ಬಿಲ್ ಸ್ಕಾಟ್ ಇದನ್ನೇ ಹಿಡಿದು, ಪೊಲೀಸ್ ಗುಂಡೇಟಿನ ತನಿಖೆಯನ್ನು ಡಿ.ಎ. ಕಚೇರಿ ಮುನ್ನಡೆಸಬೇಕೆಂಬ 2019ರ ಒಪ್ಪಂದದಿಂದ ಹೊರಬರುವುದಾಗಿ ಘೋಷಿಸಿದರು. ಅದಾದ ಕೆಲವೇ ದಿನಕ್ಕೆ ಬೂಡೀನ್ ಇನ್ನೊಂದು ಬಾಂಬು ಹಾಕಿದರು: ಅತ್ಯಾಚಾರಕ್ಕೊಳಗಾದ ಮಹಿಳೆಯರು ತನಿಖೆಗೆಂದು ಕೊಟ್ಟ ಡಿಎನ್ಎಯನ್ನೇ ಪೊಲೀಸ್ ಪ್ರಯೋಗಾಲಯ ಬೇರೆ ಅಪರಾಧಗಳಲ್ಲಿ ಅವರನ್ನು ಹಿಡಿಯಲು ಬಳಸಿದೆ ಎಂದು. ದೇಶವೇ ಬೆಚ್ಚಿತು. ಮಾರ್ಚ್‌ನಲ್ಲಿ ಲಾಠಿ ಕೇಸಿನ ತೀರ್ಪು ಬಂತು. ಮುಖ್ಯ ಆರೋಪಗಳಿಂದ ಅಧಿಕಾರಿ ಖುಲಾಸೆ. ಜೂನ್‌ನಲ್ಲಿ ಬೂಡೀನ್ ಅವರೇ ಹೋದರು.

ಮುಂದೇನಾಯಿತು ಎಂಬುದನ್ನು ರೀಕಾಲ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಈ ವಿಷಯದ ತಿರುಳು ಇರುವುದೇ ಅಲ್ಲಿ ಎಂಬುದು ನನ್ನ ಅಭಿಪ್ರಾಯ. ತೆರವಾದ ಕುರ್ಚಿಗೆ ಮೇಯರ್ ಲಂಡನ್ ಬ್ರೀಡ್ ನೇಮಿಸಿದ್ದು ಬ್ರೂಕ್ ಜೆಂಕಿನ್ಸ್ ಅವರನ್ನು. ಜೆಂಕಿನ್ಸ್ ಅದೇ ಕಚೇರಿಯಲ್ಲಿದ್ದು, 2021ರಲ್ಲಿ ರಾಜೀನಾಮೆ ಕೊಟ್ಟು ರೀಕಾಲ್ ಪರ ಪ್ರಚಾರಕ್ಕಿಳಿದಿದ್ದವರು. ತಾನು ಸ್ವಯಂಸೇವಕಿ ಎಂದು ಹೇಳಿಕೊಂಡಿದ್ದರು. ರೀಕಾಲ್‌ಗೆ ಹಣ ಕೊಟ್ಟವರ ಜೊತೆ ನಂಟಿದ್ದ ಸಂಸ್ಥೆಯೊಂದರಿಂದ ಸಲಹಾ ಶುಲ್ಕವೆಂದು ಲಕ್ಷ ಡಾಲರ್‌ಗೂ ಹೆಚ್ಚು ಪಡೆದಿದ್ದರು ಎಂಬುದು ನೇಮಕವಾದ ಮೇಲೆ ಬಯಲಾಯಿತು. 2023ರಲ್ಲಿ ಆ ನಾಲ್ಕನೇ ದಿನದ ಅಧಿಕಾರಿಯ ಮೇಲಿನ ಕೇಸನ್ನು ಜೆಂಕಿನ್ಸ್ ಕೈಬಿಟ್ಟರು. ಅದು ರಾಜಕೀಯ ಕಾರಣಕ್ಕೆ ಹಾಕಿದ್ದ ಕೇಸು ಎಂದರು. ಸತ್ತವನ ಮನೆಯವರಿಗೆ ಕೈಬಿಟ್ಟದ್ದೇ ರಾಜಕೀಯವಾಗಿ ಕಂಡಿತು. ಬಾಡಿ ಕ್ಯಾಮೆರಾದ ದೃಶ್ಯ ಮೊದಲಿದ್ದದ್ದೇ, ಸಾಕ್ಷಿಗಳೂ ಅವರೇ. ಬದಲಾದದ್ದು ಕುರ್ಚಿಯಲ್ಲಿ ಕೂತವರು. ಅದು ಜ್ಯೂರಿಯ ಮುಂದೆ ಹೋಗಲೇ ಇಲ್ಲ. ಜೆಂಕಿನ್ಸ್ 2022ರಲ್ಲೂ 2024ರಲ್ಲೂ ಚುನಾವಣೆ ಗೆದ್ದಿದ್ದಾರೆ ಎಂಬುದನ್ನೂ ಹೇಳಬೇಕು. ಜನರಿಗೆ ಅವರು ಬೇಡವಾಗಿದ್ದರು ಎನ್ನುವಂತಿಲ್ಲ.

ಅಲಮೀಡ ಕೌಂಟಿಯ ಕತೆ ಇದರದೇ ಅಚ್ಚಿನಂತೆ ಕಂಡರೂ ಒಂದು ವಿಷಯದಲ್ಲಿ ಬೇರೆ. 2023ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಪ್ರೈಸ್, ಹಿಂದಿನ ಡಿ.ಎ. ನ್ಯಾನ್ಸಿ ಓಮ್ಯಾಲಿ ಮುಚ್ಚಿದ್ದ ಪೊಲೀಸ್ ಗುಂಡೇಟು ಮತ್ತು ಕಸ್ಟಡಿ ಸಾವಿನ ಎಂಟು ಕಡತಗಳನ್ನು ಬಂದ ತಿಂಗಳೇ ಮತ್ತೆ ತೆರೆಸಿದರು. ಅವುಗಳಲ್ಲಿ ಒಂದು ಅಲಮೀಡ ಊರಿನ ಸಣ್ಣ ಪಾರ್ಕೊಂದರಲ್ಲಿ 2021ರ ಏಪ್ರಿಲ್ 19ರಂದು ನಡೆದದ್ದು. ಅಮಲಿನಲ್ಲಿ ತನ್ನಷ್ಟಕ್ಕೆ ನಿಂತಿದ್ದ 26ರ ಯುವಕನ ಬಗ್ಗೆ ಅಕ್ಕಪಕ್ಕದವರು ಫೋನ್ ಮಾಡಿದರು. ಬಂದ ಪೊಲೀಸರು ಮಾತನಾಡಿಸಿ, ಕೈಕೋಳ ತೊಡಿಸಲು ಹೋಗಿ, ನೆಲಕ್ಕೆ ಬೋರಲು ಕೆಡವಿ ಸುಮಾರು ಐದು ನಿಮಿಷ ಒತ್ತಿ ಹಿಡಿದರು. ಉಸಿರು ನಿಂತಿತು. ಮಿನಿಯಾಪೊಲಿಸ್‌ನ ಕೋರ್ಟಿನಲ್ಲಿ, ಪೊಲೀಸನ ಮೊಣಕಾಲಿನಡಿ ಸಿಕ್ಕಿ ಸತ್ತ ಜಾರ್ಜ್ ಫ್ಲಾಯ್ಡ್ ಹತ್ಯೆಯ ತೀರ್ಪು ಬಂದದ್ದು ಅದರ ಮರುದಿನ. ಶವಪರೀಕ್ಷೆ ಮಾಡಿದವರು ಮಾದಕದ್ರವ್ಯವನ್ನು ಮುಖ್ಯ ಕಾರಣವೆಂದೂ, ಒತ್ತಿ ಹಿಡಿದದ್ದು ಸಾವಿಗೆ ನೆರವಾಯಿತೆಂದೂ ಬರೆದರು. ಓಮ್ಯಾಲಿ ಕೇಸು ಹಾಕಲಿಲ್ಲ. ಸಿವಿಲ್ ದಾವೆಯಲ್ಲಿ ಮಾತ್ರ ನಗರಸಭೆ ಆತನ ಪುಟ್ಟ ಮಗನಿಗೆ 1.1 ಕೋಟಿ ಡಾಲರ್ ಕೊಡಲು ಒಪ್ಪಿತು.

ಉದ್ದೇಶವಿಲ್ಲದ ನರಹತ್ಯೆಗೆ ಕ್ಯಾಲಿಫೋರ್ನಿಯಾದಲ್ಲಿ ಕೇಸು ಹಾಕಲು ಮೂರು ವರ್ಷದ ಗಡುವು. ಪ್ರೈಸ್ ಕಚೇರಿ ಮೂವರು ಅಧಿಕಾರಿಗಳ ಮೇಲೆ ಆರೋಪ ದಾಖಲಿಸಿದ್ದು 2024ರ ಏಪ್ರಿಲ್‌ನಲ್ಲಿ, ಗಡುವಿನ ಅಂಚಿನಲ್ಲಿ. ಅಕ್ಟೋಬರ್‌ನಲ್ಲಿ ನ್ಯಾಯಾಧೀಶರು, ಗಡುವು ಮೀರಿದೆ ಎಂದು ಇಬ್ಬರ ಮೇಲಿನ ಆರೋಪವನ್ನು ತಳ್ಳಿಹಾಕಿದರು. ಹದಿನೈದು ತಿಂಗಳು ಕೈಯಲ್ಲಿಟ್ಟುಕೊಂಡ ಕಡತಕ್ಕೆ ಬಂದ ಗತಿ ಇದು. ಪ್ರೈಸ್ ವಿರೋಧಿಗಳು ಅವರನ್ನು ತೀವ್ರವಾದಿ ಎಂದು ಜರೆದರು. ನನ್ನ ಮಟ್ಟಿಗೆ ಹೆಚ್ಚು ಗಟ್ಟಿಯಾದ ಆಕ್ಷೇಪ ಅದಲ್ಲ, ಇದು: ಪೊಲೀಸರ ಮೇಲೆ ಕೇಸು ಹಾಕುತ್ತೇನೆಂದು ಬಂದವರು ಕೇಸು ಕಟ್ಟುವ ಕೆಲಸದಲ್ಲಿ ಅಷ್ಟು ಬಿಗಿಯಾಗಿರಲಿಲ್ಲ.

ರೀಕಾಲ್ ಮನವಿಯಲ್ಲಿ ಮುಂದೆ ನಿಂತವರು ಪೊಲೀಸರಲ್ಲ. ಕೊಲೆಯಾದವರ ಮನೆಯವರು, ಓಕ್ಲಂಡ್‌ನ ಚೈನಾಟೌನ್ ವ್ಯಾಪಾರಿಗಳ ಮುಖಂಡರು. ಪ್ರೈಸ್ ಶಿಕ್ಷೆಯ ಹೆಚ್ಚಳ ಕೋರುವುದನ್ನು ಕಡಿಮೆ ಮಾಡಿದ್ದು ಅವರ ಕೋಪಕ್ಕೆ ಕಾರಣ. 2023ರಲ್ಲಿ ಓಕ್ಲಂಡ್‌ನಲ್ಲಿ ಅಪರಾಧ ವಿಪರೀತ ಏರಿತ್ತು. ಹಿಂದೆ ಹಣ ಇಟ್ಟವರಲ್ಲಿ ಹೆಡ್ಜ್ ಫಂಡ್‌ನವರಿದ್ದರು (ಶ್ರೀಮಂತರ ಹಣವನ್ನು ಹೂಡಿಕೆ ಮಾಡುವವರು), ಪೊಲೀಸ್ ಯೂನಿಯನ್‌ಗಳೂ ರೀಕಾಲ್ ಪರ ನಿಂತವು. 1,23,374 ಸಹಿಗಳ ಕಟ್ಟು 2024ರ ಮಾರ್ಚ್‌ನಲ್ಲಿ ಚುನಾವಣಾ ಕಚೇರಿಗೆ ಬಂತು. ಬೇಕಿದ್ದದ್ದು 73,195. ಸಿಬ್ಬಂದಿ ಕೂತು ಎಣಿಸಿದರೆ ಸಿಂಧುವಾದದ್ದು 74,757, ಅಂದರೆ ಗಡಿ ದಾಟಿದ್ದು ಒಂದೂವರೆ ಸಾವಿರದಷ್ಟರಿಂದ. ಇನ್ನೊಂದು ತಮಾಷೆಯೆಂದರೆ, ಸಹಿಗಳು ಬಂದ ಅದೇ ಹೊತ್ತಿಗೆ ಕೌಂಟಿಯ ಹಳೆಯ ರೀಕಾಲ್ ನಿಯಮವನ್ನೇ ತೆಗೆದು ರಾಜ್ಯದ ನಿಯಮ ತರುವ ಪ್ರಸ್ತಾವವನ್ನು ಮತದಾರರು ಒಪ್ಪಿಬಿಟ್ಟಿದ್ದರು. ಯಾವ ನಿಯಮದಂತೆ ನಡೆಯಬೇಕೆಂಬ ಜಗ್ಗಾಟದ ನಡುವೆಯೇ ಎಲ್ಲ ಸಾಗಿತು. ಅವರದೇ ಡೆಮಾಕ್ರಟಿಕ್ ಪಕ್ಷದೊಳಗಿನವರೂ ಪ್ರೈಸ್ ಅವರನ್ನು ಕೈಬಿಟ್ಟರು. ಒಂದು ಕಾಲಕ್ಕೆ ಅದೇ ಕಚೇರಿಯಲ್ಲಿ ಪ್ರಾಸಿಕ್ಯೂಟರ್ ಆಗಿದ್ದ ಸಂಸದ ಎರಿಕ್ ಸ್ವಾಲ್ವೆಲ್ ಇಳಿಸುವುದನ್ನು ಬೆಂಬಲಿಸಿದರು. ಅದೇ ದಿನ ಓಕ್ಲಂಡ್ ಮೇಯರ್ ಶೆಂಗ್ ಥಾವ್ ಅವರೂ ರೀಕಾಲ್ ಆದರು. ಮೇಯರ್ ಯಾವ ಪೊಲೀಸರ ಮೇಲೂ ಕೇಸು ಹಾಕುವವರಲ್ಲವಲ್ಲ. ಊರಿನ ಆಡಳಿತದ ಮೇಲೇ ಜನರಿಗಿದ್ದ ಸಿಟ್ಟು ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ಖಾಲಿಯಾದ ಕುರ್ಚಿಗೆ ಕೌಂಟಿಯ ಐವರು ಮೇಲ್ವಿಚಾರಕರ ಮಂಡಳಿ 2025ರ ಆರಂಭದಲ್ಲಿ ನ್ಯಾಯಾಧೀಶೆ ಅರ್ಸುಲಾ ಜೋನ್ಸ್ ಡಿಕ್ಸನ್ ಅವರನ್ನು ನೇಮಿಸಿತು.

ಎದುರು ದಿಕ್ಕಿನ ಗಾಳಿಯೂ ಬೀಸಿದ್ದುಂಟು. ಲಾಸ್ ಏಂಜಲೀಸ್‌ನಲ್ಲಿ ಪೊಲೀಸರ ಮೇಲೆ ಕೇಸು ಹಾಕುತ್ತಿಲ್ಲವೆಂದೇ ಡಿ.ಎ. ಜಾಕಿ ಲೇಸಿ ವಿರುದ್ಧ ಕಪ್ಪು ಜನರ ಮೇಲಿನ ಪೊಲೀಸ್ ಹಿಂಸೆಯನ್ನು ವಿರೋಧಿಸುವ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಚಳವಳಿಯವರು ವಾರವಾರ ಕಚೇರಿ ಮುಂದೆ ನಿಲ್ಲುತ್ತಿದ್ದರು. 2015ರಲ್ಲಿ ವೆನಿಸ್ ಬೀಚ್ ಬಳಿ ನಿರಾಯುಧನೊಬ್ಬನನ್ನು ಕೊಂದ ಅಧಿಕಾರಿಯ ಮೇಲೆ ಕೇಸು ಹಾಕಿ ಎಂದು ಸ್ವತಃ ಪೊಲೀಸ್ ಮುಖ್ಯಸ್ಥ ಚಾರ್ಲಿ ಬೆಕ್ ಶಿಫಾರಸು ಮಾಡಿದ್ದರು. ಲೇಸಿ 2018ರಲ್ಲಿ ಸಾಧ್ಯವಿಲ್ಲ ಎಂದರು. ಅವರನ್ನು ಜನ ಇಳಿಸಿದ್ದು ರೀಕಾಲ್‌ನಿಂದಲ್ಲ, 2020ರ ಸಾಮಾನ್ಯ ಚುನಾವಣೆಯಲ್ಲಿ. ಅವರ ಜಾಗಕ್ಕೆ ಬಂದ ಜಾರ್ಜ್ ಗ್ಯಾಸ್ಕೋನ್ ಮೇಲೆ ಎರಡು ಸಲ ರೀಕಾಲ್ ಯತ್ನವಾಯಿತು. 2022ರಲ್ಲಿ 7,15,833 ಸಹಿ ಕೊಟ್ಟರೂ ಸಿಂಧುವಾದದ್ದು 5,20,050; ಬೇಕಿದ್ದ 5,66,857 ಮುಟ್ಟಲಿಲ್ಲ. ಗ್ಯಾಸ್ಕೋನ್ ಪೂರ್ತಿ ನಾಲ್ಕು ವರ್ಷ ಮುಗಿಸಿ 2024ರಲ್ಲಿ ಸೋತರು. ಸಹಿ ಕೂಡಿಸಲು ಕೋಟಿಗಟ್ಟಲೆ ಖರ್ಚು ಮಾಡಬಲ್ಲವರು ಒಂದೇ ಕಡೆ ಇದ್ದಾರೆ. ಪೊಲೀಸರಿಂದ ಸತ್ತವರ ಮನೆಯವರ ಕೈಯಲ್ಲಿ ಈ ಆಯುಧ ಇದ್ದೂ ಇಲ್ಲದ ಹಾಗೆ.

ಕೇಸಿನ ಗಡಿಯಾರ, ಚುನಾವಣೆಯ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ ಎಂಬುದು ಇಡೀ ಸಮಸ್ಯೆಯ ಬುಡ. ಗುಂಡು ಹಾರಿದ್ದರಿಂದ ಜ್ಯೂರಿಯ ಮುಂದೆ ಹೋಗುವವರೆಗೆ ಪೊಲೀಸ್ ಕೇಸೊಂದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ. ರೀಕಾಲ್‌ಗೆ ಒಂದು, ಒಂದೂವರೆ ವರ್ಷ ಸಾಕು. ಡಿ.ಎ. ಚುನಾವಣೆಗಳನ್ನು ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಸರಿಸಲೆಂದು ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನು ಮಾಡಿದ್ದರಿಂದ ಪ್ರೈಸ್ ಅವರಿಗೆ 2028ರವರೆಗೆ ಆರು ವರ್ಷದ ಅವಧಿ ಸಿಕ್ಕಿತ್ತು. ಅವರು ಕುರ್ಚಿಯಲ್ಲಿ ಕೂತದ್ದು ಎರಡು ವರ್ಷಕ್ಕಿಂತ ಕಡಿಮೆ.

ಇದಕ್ಕೆ ಮದ್ದು ಎಂಬಂತೆ ರಾಜ್ಯ 2021ರ ಜುಲೈಯಿಂದ ಒಂದು ವ್ಯವಸ್ಥೆ ತಂದಿದೆ. ನಿರಾಯುಧ ನಾಗರಿಕರೊಬ್ಬರು ಪೊಲೀಸ್ ಗುಂಡಿಗೆ ಸತ್ತರೆ ತನಿಖೆ ಮಾಡಬೇಕಾದವರು ಸ್ಥಳೀಯ ಡಿ.ಎ. ಅಲ್ಲ, ರಾಜ್ಯದ ಅಟಾರ್ನಿ ಜನರಲ್. ಸ್ಥಳೀಯ ಪೊಲೀಸರ ಹಂಗೂ ಇಲ್ಲ, ಕೌಂಟಿಯ ರೀಕಾಲ್ ಭಯವೂ ಇಲ್ಲ. ಒಳ್ಳೆಯದೇ. ಆದರೆ ಕಾನೂನಿನ ಮಾತು ಗುಂಡೇಟಿಗೆ ಮಾತ್ರ ಅನ್ವಯ. ಪಾರ್ಕಿನಲ್ಲಿ ಬೋರಲು ಹಾಕಿ ಒತ್ತಿ ಹಿಡಿದಾಗ ಉಸಿರು ನಿಂತ ಪ್ರಕರಣ, ಲಾಠಿಯೇಟಿನ ಪ್ರಕರಣ, ಲಾಕಪ್ಪಿನಲ್ಲಿ ಔಷಧಿ ಸಿಗದೆ ಸತ್ತವರ ಪ್ರಕರಣ, ಇವುಗಳ ಕಡತ ಈಗಲೂ ಹೋಗುವುದು ಕೌಂಟಿಯ ಡಿ.ಎ. ಮೇಜಿಗೇ.